ಮನೆಗೊಂದು ಕಲ್ಲು

ಹಳ್ಳದ ಸೇತುವೆಯ ಮೇಲೆ ನಿಂತರೆ ಆ ಕಲ್ಲುಗಳು ಕಾಣುತ್ತಿದ್ದವು. ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದ ಕಲ್ಲುಗಳು. ಊರಿಗೆ ಮೊದಲ ಸಲ ಬರುವವರು ದೂರದಿಂದ ನೋಡಿ ಅಲ್ಲೊಂದು ಕುರಿಮಂದೆ ತಂಗಿದೆ ಎಂದುಕೊಳ್ಳುತ್ತಿದ್ದರು. ಹತ್ತಿರ ಹೋದ ಮೇಲೆ ಅದು ಸ್ಮಶಾನ ಎಂದು ತಿಳಿದು ಸರಸರನೆ ಹೆಜ್ಜೆ ಹಾಕುತ್ತಿದ್ದರು.

ನಮ್ಮೂರಿನಲ್ಲಿ ಯಾರನ್ನಾದರೂ ಮಣ್ಣು ಮಾಡಿದ ದಿನ ಅವರ ಕೇರಿಯ ಪ್ರತಿ ಮನೆಯಿಂದಲೂ ಒಂದು ಕಲ್ಲು ಹೋಗಬೇಕಿತ್ತು. ಬಟ್ಟೆ ಒಗೆಯುವ ಕಲ್ಲೋ, ಸವೆದ ಬೀಸುವ ಕಲ್ಲೋ, ಒರಳಿನ ಗುಂಡೋ, ಯಾವುದಾದರೂ ಸರಿ, ಮನೆಯಲ್ಲಿ ಬಾಳಿದ ಕಲ್ಲಾಗಿರಬೇಕು, ಒಬ್ಬ ಗಂಡಸು ಏದುಸಿರು ಬಿಟ್ಟು ಹೊರುವಷ್ಟು ಭಾರವಿರಬೇಕು. ಹೆಂಗಸರು ಅದಕ್ಕೆ ಸುಣ್ಣ ಬಳಿದು ಪಟ್ಟೆ ಎಳೆಯುತ್ತಿದ್ದರು. ವರ್ಷದ ಎಡೆ ಮುಗಿದ ಮೇಲೆ ಕಲ್ಲುಗಳನ್ನು ತೊಳೆದು ಅವರವರ ಮನೆಗೆ ಹೊತ್ತು ತರುತ್ತಿದ್ದರು. ನಮ್ಮಜ್ಜನ ಎದೆಯ ಮೇಲೆ ಒಂದು ವರ್ಷ ಕೂತು ಬಂದ ಕಲ್ಲಿನ ಮೇಲೆಯೇ ನಮ್ಮವ್ವ ಚಟ್ನಿ ಅರೆಯುತ್ತಿದ್ದಳು. ಯಾರಿಗೂ ಮೈಲಿಗೆ ಅನ್ನಿಸುತ್ತಿರಲಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ, ಮನೆಯ ಕಲ್ಲು ಮೇಲಿದ್ದರೆ ಹೋದವರಿಗೆ ಒಂಟಿ ಅನ್ನಿಸುವುದಿಲ್ಲ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಬೇಕು ಎಂದು ಯಾರಿಗೂ ಅನ್ನಿಸಿರಲೂ ಇಲ್ಲ.

ನಾನು ಹೇಳುತ್ತಿರುವ ವರ್ಷ ನಮ್ಮವ್ವ ತೀರಿಕೊಂಡಿದ್ದಳು. ಅವಳ ಮೇಲೆ ಹದಿನೇಳು ಕಲ್ಲುಗಳಿದ್ದವು. ಅವಳ ಒರಳುಗುಂಡನ್ನು ತಲೆಯ ಕಡೆ ಇಟ್ಟವಳು ನನ್ನ ಅಕ್ಕ ಹಾಲಮ್ಮ. ಆಗ ನಾನು ಪುರಸಭೆಯಲ್ಲಿ ಗುಮಾಸ್ತ. ನನ್ನ ಕೈಬರಹ ಮುತ್ತು ಪೋಣಿಸಿದ ಹಾಗಿದೆ ಎಂದು ಮೇಲಿನವರು ಹೊಗಳುತ್ತಿದ್ದರು, ಆ ಹೊಗಳಿಕೆಗೆ ನಾನು ಉಬ್ಬಿಹೋಗಿದ್ದೆ. ಇವತ್ತು ಆ ಅಕ್ಷರಗಳನ್ನು ನೆನೆಸಿಕೊಂಡರೆ ಬೆರಳು ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸ್ಮಶಾನವನ್ನು ನೋಡಿಕೊಳ್ಳುತ್ತಿದ್ದವಳು ಗಾಳೆಮ್ಮ. ಗುಂಡಿ ತೋಡುವುದು ಅವಳ ಗಂಡನ ಮನೆತನದ ಕೆಲಸ. ಗಂಡ ಹೋದ ಮೇಲೆ ಬೇರೆ ಯಾರೂ ಮುಂದೆ ಬರಲಿಲ್ಲ, ಇವಳೇ ಸೆರಗು ಬಿಗಿದು ಗುದ್ದಲಿ ಹಿಡಿದಳು. ಬೇಲಿಯ ಪಕ್ಕದ ಗುಡಿಸಲಲ್ಲಿ ಒಬ್ಬಳೇ ಇರುತ್ತಿದ್ದಳು, ಒಬ್ಬಳೇ ಅಂದರೆ ಒಂಬತ್ತು ನಾಯಿಗಳ ಜೊತೆ. ಸತ್ತವರಿಗೆಂದು ಜನ ತಂದಿಡುವ ಎಡೆಯನ್ನು ಕಾಗೆ ಮುಟ್ಟಿದ ಮೇಲೆ ನಾಯಿಗಳು ತಿನ್ನುತ್ತಿದ್ದವು. ಹಗಲೆಲ್ಲ ಕಲ್ಲುಗಳ ನೆರಳಲ್ಲಿ ಬಿದ್ದುಕೊಂಡು, ಕತ್ತಲಾದ ಮೇಲೆ ಬೇಲಿಯ ಗುಂಟ ಸುತ್ತು ಹಾಕುತ್ತಿದ್ದವು. ಅವು ಊರೊಳಗೆ ಬಂದದ್ದನ್ನಾಗಲಿ, ಯಾರನ್ನಾದರೂ ಕಚ್ಚಿದ್ದನ್ನಾಗಲಿ ನಾನು ಕೇಳಿಲ್ಲ.

ಆ ಬೇಸಿಗೆಯ ಮೊದಲಲ್ಲಿ ನಮಗೆ ಹೊಸ ಮುಖ್ಯಾಧಿಕಾರಿಗಳು ಬಂದರು. ಕೆಟ್ಟವರಲ್ಲ, ಆ ಮಾತನ್ನು ನಾನು ಒತ್ತಿ ಹೇಳಬೇಕು. ಮೇಜಿನ ಮೇಲೆ ಒಂದು ಕಾಗದ ಓರೆಯಾಗಿದ್ದರೂ ಸಹಿಸದ ಮನುಷ್ಯ, ಅಷ್ಟೇ. ಬಂದ ವಾರದಲ್ಲೇ ಊರು ನೋಡಲು ಹೊರಟವರು ಸ್ಮಶಾನದ ಒಳಗೂ ಹೋಗಿ, ಯಾರದೋ ಬೀಸುವ ಕಲ್ಲಿಗೆ ಕಾಲ್ಬೆರಳು ಎಡವಿ ಉಗುರು ಕಿತ್ತುಕೊಂಡರು. ನೋವಿಗೆ ಅಲ್ಲೇ ಕುಕ್ಕರಿಸಿದಾಗ ಒಂಬತ್ತು ನಾಯಿಗಳೂ ಸುತ್ತ ನಿಂತು ಅವರನ್ನು ನೋಡಿದವಂತೆ. ಮಾರನೆಯ ದಿನವೇ ಎರಡು ನಿಯಮಗಳ ಕರಡು ಬರೆಯಲು ನನಗೆ ಹೇಳಿದರು.

ಒಂದು ನಿಯಮ ನಾಯಿಗಳದು. ನಾಯಿ ಸಾಕುವವರು ಪುರಸಭೆಯಲ್ಲಿ ಹೆಸರು ಬರೆಸಿ ಹಿತ್ತಾಳೆಯ ಬಿಲ್ಲೆ ಪಡೆಯಬೇಕು, ಮನೆಗೆ ಒಂದೇ ನಾಯಿ. ಕೊರಳಲ್ಲಿ ಬಿಲ್ಲೆ ಇಲ್ಲದ ನಾಯಿಯನ್ನು ಗಾಡಿಯವರು ಒಯ್ಯುತ್ತಾರೆ. ಇನ್ನೊಂದು ಸ್ಮಶಾನದ್ದು. ಸಮಾಧಿಯ ಮೇಲೆ ಯಾವ ಅಲಂಕಾರವೂ ಮೂರು ದಿನಕ್ಕಿಂತ ಹೆಚ್ಚು ಇರಕೂಡದು, ಹೆಸರಿನ ಗೇಣುದ್ದದ ಹಲಗೆಯೊಂದನ್ನು ಬಿಟ್ಟು. ಅಲಂಕಾರ ಎಂದರೆ ಏನೇನು ಎಂದು ಪಟ್ಟಿ ಮಾಡುವ ಕೆಲಸ ನನ್ನದಾಯಿತು. ನಾನು ಸ್ಮಶಾನಕ್ಕೆ ಹೋಗಿ ನೋಡಿದ್ದನ್ನೆಲ್ಲ ಬರೆದೆ. ಹೂವಿನ ಹಾರ, ಮಣ್ಣಿನ ಕುಡಿಕೆ, ಬಳೆ, ಬಣ್ಣದ ಬಟ್ಟೆ, ಎಡೆಯ ಎಲೆ. ಕೊನೆಯಲ್ಲಿ, ಸುಣ್ಣ ಬಳಿದ ಕಲ್ಲುಗಳು. ಪಟ್ಟೆ ಎಳೆದಿದ್ದರಲ್ಲ, ಅಲಂಕಾರವಲ್ಲದೆ ಮತ್ತೇನು ಎಂದುಕೊಂಡೆ.

ಬಿಲ್ಲೆ ಕೊಡುವುದು ಶುರುವಾದ ದಿನ ಗಾಳೆಮ್ಮ ಕಚೇರಿಗೆ ಬಂದಳು. ಒಂಬತ್ತು ಬಿಲ್ಲೆ ಬೇಕು ಅಂದಳು. ಮನೆಗೆ ಒಂದೇ ಎಂದೆ. ಅವು ತನ್ನವಲ್ಲ, ಅಲ್ಲಿ ಮಲಗಿರುವವರವು, ಅವರವರ ಹೆಸರಲ್ಲಿ ಒಂದೊಂದು ಬರೆದುಕೋ ಅಂದಳು. ಕಚೇರಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಸತ್ತವರ ಹೆಬ್ಬೆಟ್ಟು ಯಾರು ಒತ್ತಿಸಿಕೊಂಡು ಬರುತ್ತಾರೆ ಗಾಳೆಮ್ಮ ಎಂದು ಬೇರೆ ಕೇಳಿದೆ. ಅವಳು ನಗಲಿಲ್ಲ. ಅವಳ ಹೆಸರಿಗೆ ಕೊಟ್ಟ ಒಂದು ಬಿಲ್ಲೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ ಮತ್ತೆ ಮೇಜಿನ ಮೇಲಿಟ್ಟಳು.

"ಒಂದಕ್ಕೆ ಕಟ್ಟಿ ಎಂಟನ್ನ ಹೆಂಗೆ ಕಳಿಸ್ಲಿ ಅಪ್ಪಾ. ಒಂದು ನಾಯಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ, ಅಲ್ಲಿಗೆ ಸಾಲಾಕಿಲ್ಲ."

ಯಾವುದಕ್ಕೆ ಸಾಲುವುದಿಲ್ಲ ಎಂದು ನಾನು ಕೇಳಬೇಕಿತ್ತು. ಸರದಿಯಲ್ಲಿ ಹಿಂದೆ ಇನ್ನೂ ಇಪ್ಪತ್ತು ಜನ ನಿಂತಿದ್ದರು, ಕೇಳಲಿಲ್ಲ.

ನಿಯಮ ಜಾರಿಗೆ ಬರುವ ಮೊದಲು ಆಕ್ಷೇಪಣೆ ಕೇಳುವ ಸಭೆ ನಡೆಯಿತು. ಜನ ಬಂದಿದ್ದರು. ಕಲ್ಲು ತೆಗೆಯುವುದು ಶಾಸ್ತ್ರಕ್ಕೆ ವಿರುದ್ಧ ಎಂದರು. ಯಾವ ಶಾಸ್ತ್ರ ಎಂದು ಅಧಿಕಾರಿಗಳು ಮೆತ್ತಗೆ ಕೇಳಿದರೆ, ಹಿಂದಿನಿಂದ ಬಂದದ್ದು ಎಂದಷ್ಟೇ ಹೇಳಿದರು. ಮುಂದಿನ ಸಾಲಿನಲ್ಲಿ ರುದ್ರಮುನಿ ಮಾಸ್ತರು ಕೂತಿದ್ದರು. ನನಗೂ ಅಕ್ಷರ ಕಲಿಸಿದವರು, ಎರಡು ತಿಂಗಳ ಹಿಂದಷ್ಟೇ ಹೆಂಡತಿಯನ್ನು ಕಳೆದುಕೊಂಡವರು. ಅವರೂ ಎದ್ದು ನಿಂತು, ಕಾರಣ ಗೊತ್ತಿಲ್ಲದ ಆಚಾರವನ್ನು ಪಾಠದಲ್ಲಿ ಸಮರ್ಥಿಸಿಲ್ಲ, ಈಗಲೂ ಸಮರ್ಥಿಸಲಾರೆ ಎಂದು ಹೇಳಿ ಕೂತುಬಿಟ್ಟರು.

ಆಗ ಬಾಗಿಲ ಹತ್ತಿರ ನಿಂತಿದ್ದ ಗಾಳೆಮ್ಮ, ಕಲ್ಲು ತೆಗೆಯಬೇಡಿ, ನಾಯಿಗಳನ್ನೂ ಒಯ್ಯಬೇಡಿ ಎಂದಳು. ಅಧಿಕಾರಿಗಳು ಅವಳನ್ನು ಮುಂದಕ್ಕೆ ಕರೆದರು. ಅವರದು ನಿಜವಾಗಿ ತಿಳಿಯುವ ಆಸೆಯೇ ಆಗಿತ್ತು, ದರ್ಪವಲ್ಲ.

"ಯಾಕೆ ಬೇಡ? ಕಾರಣ ಹೇಳಮ್ಮ. ಕಾರಣ ಇದ್ದರೆ ಈ ಕಾಗದವನ್ನು ಈಗಲೇ ಹರಿದು ಹಾಕುತ್ತೇನೆ."

ಗಾಳೆಮ್ಮ ಸಭೆಯನ್ನು ಒಂದು ಸುತ್ತು ನೋಡಿದಳು. ಮಾಸ್ತರ ಮುಖದ ಮೇಲೆ ಅವಳ ಕಣ್ಣು ನಿಂತಿತು, ಆಮೇಲೆ ನನ್ನ ಮೇಲೆ, ಆಮೇಲೆ ಹಿಂದಿನ ಸಾಲಿನ ಒಂದಿಬ್ಬರ ಮೇಲೆ. ನೋಡಿದವರೆಲ್ಲ ಈಚೆಗೆ ಯಾರನ್ನೋ ಮಣ್ಣು ಮಾಡಿದವರು ಎಂಬುದು ನನಗೆ ಆಗ ಹೊಳೆಯಲಿಲ್ಲ.

"ಐತೆ ಬುದ್ಧಿ. ಹೇಳಾಕಾಗಾಕಿಲ್ಲ," ಎಂದಳು.

ಅಧಿಕಾರಿಗಳು ಮತ್ತೊಮ್ಮೆ ಕೇಳಿದರು. ಅವಳು ಮತ್ತೆ ಬಾಗಿಲ ಹತ್ತಿರ ಹೋಗಿ ನಿಂತಳು. ಕೊನೆಗೆ ಅವರು ನನ್ನ ಕಡೆ ತಿರುಗಿ, ಬರೆದುಕೊಳ್ಳಿ, ಆಕ್ಷೇಪಣೆ ಇದೆ, ಕಾರಣ ಇಲ್ಲ ಎಂದರು. ನಾನು ಬರೆದುಕೊಂಡೆ, ಮುತ್ತು ಪೋಣಿಸಿದ ಹಾಗೆ.

ಕಲ್ಲು ತೆಗೆಯುವ ಕೆಲಸ ಸೋಮವಾರ ಶುರುವಾಗಬೇಕಿತ್ತು. ನೌಕರರು ಮೊದಲು ತಮ್ಮವರ ಸಮಾಧಿಯಿಂದ ತೆಗೆದು ತೋರಿಸಿದರೆ ಊರವರು ತಕರಾರು ಮಾಡುವುದಿಲ್ಲ ಎಂದು ಅಧಿಕಾರಿಗಳು ಹೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ನಾನು ಆಗಲಿ ಎಂದೆ. ಮೇಲಿನವರ ಮುಂದೆ ಇಲ್ಲ ಅನ್ನುವ ನಾಲಿಗೆಯೇ ನನಗಿರಲಿಲ್ಲ. ಭಾನುವಾರ ಅಕ್ಕನ ಊರಿಗೆ ಹೋಗಿ ವಿಷಯ ತಿಳಿಸಿದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ನೀನು ಗುಮಾಸ್ತ ಆಗಿರಬೋದು, ಅವ್ವಂಗೆ ಮಗ ಕಣೋ. ವರ್ಷ ತುಂಬೋ ಮುಂಚೆ ಅವಳ ಮೇಲಿನ ಕಲ್ಲು ತೆಗೆದು, ಅವಳಿಗೇನಾದ್ರೂ ಆಯ್ತೋ, ನಿನ್ನ ಮುಖ ನಾನು ನೋಡಲ್ಲ. ತವರು ಅನ್ನೋದು ನನ್ನ ಪಾಲಿಗೆ ಅವತ್ತಿಗೆ ಮುಗೀತು ಅಂದ್ಕೋ."

ಸತ್ತವರಿಗೆ ಇನ್ನೇನಾಗುತ್ತದೆ ಅಕ್ಕಾ ಎಂದು ನಾನು ನಗಲು ನೋಡಿದೆ. ಅವಳು ಒಳಗೆ ಹೋದಳು. ನನಗಿದ್ದದ್ದು ಅವಳೊಬ್ಬಳೇ. ಅಪ್ಪ ಹೋದ ಮೇಲೆ ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. ಆದರೂ ಸೋಮವಾರ ಬೆಳಿಗ್ಗೆ ಅವ್ವನ ಮೇಲಿನ ಹದಿನೇಳು ಕಲ್ಲುಗಳನ್ನು ನಾನೇ ನಿಂತು ಎತ್ತಿಸಿದೆ. ಒರಳುಗುಂಡನ್ನು ಮಾತ್ರ ನನ್ನ ಕೈಯಾರೆ ಎತ್ತಿ ಗಾಡಿಗೆ ಹಾಕಿದೆ. ಗಾಳೆಮ್ಮ ಗುಡಿಸಲ ಬಾಗಿಲಲ್ಲಿ ಕೂತು ನೋಡುತ್ತಿದ್ದಳು.

ಮೂರು ದಿನಗಳಲ್ಲಿ ಸ್ಮಶಾನ ಬೋಳಾಯಿತು. ಎಲ್ಲ ಕಲ್ಲುಗಳೂ ಪುರಸಭೆಯ ಹಿಂದಿನ ಬಯಲಿನಲ್ಲಿ ರಾಶಿ ಬಿದ್ದವು. ಅಲ್ಲಿ ಸುಣ್ಣದ ಬಿಳುಪು ಕಣ್ಣಿಗೆ ಚುಚ್ಚುತ್ತಿತ್ತು, ಯಾರ ಕಲ್ಲು ಯಾವುದು ಎಂದು ಗುರುತಿಸುವ ಹಾಗಿರಲಿಲ್ಲ. ನಾನು ಕೂರುವ ಕಿಟಕಿಯಿಂದ ನೇರ ಆ ರಾಶಿಯೇ ಕಾಣುತ್ತಿದ್ದುದರಿಂದ ಕುರ್ಚಿಯನ್ನು ತಿರುಗಿಸಿಕೊಂಡೆ. ಗುರುವಾರ ನಾಯಿಗಾಡಿಯವರು ಹೋದರು. ಒಂಬತ್ತರಲ್ಲಿ ಒಂದೂ ಓಡಲಿಲ್ಲವಂತೆ. ಗಾಳೆಮ್ಮನೇ ಒಂದೊಂದರ ಹೆಸರು ಹಿಡಿದು ಕರೆದು ಗಾಡಿಗೆ ಹತ್ತಿಸಿದಳಂತೆ, ಹಗ್ಗದ ಕುಣಿಕೆ ಹಾಕಿ ಎಳೆಯುವುದನ್ನು ನೋಡಲಾರದೆ.

ಆ ವಾರ ಊರಿನಲ್ಲಿ ಏನೋ ಬದಲಾಗಿತ್ತು. ಸಂಜೆಯಾದರೆ ಸೇತುವೆಯ ಕಡೆಯ ಮನೆಗಳವರು ದನಗಳನ್ನು ಬೇಗ ಒಳಗೆ ಕಟ್ಟತೊಡಗಿದರು. ಯಾಕೆ ಎಂದರೆ, ದನ ಬೆದರುತ್ತಿವೆ ಎನ್ನುತ್ತಿದ್ದರು. ಹಳ್ಳದ ಮರಳಿನಲ್ಲಿ ಹೆಜ್ಜೆ ಕಂಡೆ ಎಂದು ಅಗಸರ ಹೆಣ್ಣುಮಗಳೊಬ್ಬಳು ಹೇಳಿದಳು. ಮುಂಗಾಲು ದೊಡ್ಡದು, ಹಿಂಗಾಲು ಸಣ್ಣದು, ಅಂಥ ನಾಯಿಯನ್ನು ತಾನು ನೋಡಿಲ್ಲ ಎಂದಳು. ನಾನು ಕೇಳಿ ಸುಮ್ಮನಾದೆ. ಸುಮ್ಮನಾದೆ ಎಂದು ಈಗ ಬರೆಯುವುದು ಸುಲಭ. ಆಗ ನನಗೆ ಊಟ ಸೇರುತ್ತಿರಲಿಲ್ಲ, ಯಾಕೆಂದು ನನಗೇ ಗೊತ್ತಿರಲಿಲ್ಲ.

ಕಲ್ಲು ತೆಗೆದ ಹತ್ತನೆಯ ದಿನ ಯಾರಾದರೂ ಮತ್ತೆ ಅಲಂಕಾರ ಇಟ್ಟಿದ್ದಾರೆಯೇ ಎಂದು ನೋಡಿ ಬರಲು ಅಧಿಕಾರಿಗಳು ನನ್ನನ್ನು ಕಳಿಸಿದರು. ಅವತ್ತೇ ಅವ್ವನ ತಿಂಗಳ ಎಡೆ. ಅಕ್ಕ ತನ್ನೂರಿನಿಂದ ನೇರ ಸ್ಮಶಾನಕ್ಕೆ ಬರುತ್ತೇನೆ, ನಿನ್ನ ಮನೆಗೆ ಕಾಲಿಡುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಅವಳು ಬರುವ ಮುಂಚೆ ನೋಡಿ ಮುಗಿಸೋಣ ಎಂದು ನಾನು ಬೆಳಗು ಹರಿಯುವ ಹೊತ್ತಿಗೇ ಹೊರಟೆ.

ಗಾಳೆಮ್ಮ ಒಂದು ಸಮಾಧಿಯ ಬಳಿ ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಎಳೆಯುತ್ತಿದ್ದಳು. ಹೊಸ ಗುಂಡಿ ತೋಡುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಹೋದರೆ ಅವಳು ಮುಚ್ಚುತ್ತಿದ್ದಳು. ಮಣ್ಣಿನ ಅಂಚಿನಲ್ಲಿ ಹಸಿರು ಸೀರೆಯ ಹಳದಿ ಅಂಚು ಹೊರಗೆ ಬಂದಿತ್ತು. ಆ ಸೀರೆಯನ್ನು ನಾನು ಗುರುತಿಸಿದೆ. ರುದ್ರಮುನಿ ಮಾಸ್ತರ ಹೆಂಡತಿಗೆ ಕೊನೆಯ ಸಲ ಉಡಿಸಿದ ಸೀರೆ. ಸುತ್ತ ಮಣ್ಣೆಲ್ಲ ಉಗುರಿನಿಂದ ಕೆದರಿದ ಗೀರುಗಳು, ಅದೇ ಹೆಜ್ಜೆಗಳು, ಮುಂಗಾಲು ದೊಡ್ಡದು, ಹಿಂಗಾಲು ಸಣ್ಣದು. ಎದುರಿನ ಗುಡ್ಡದಲ್ಲಿ ಕತ್ತೆಕಿರುಬಗಳಿವೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಹಳ್ಳದ ಈ ದಂಡೆಗೆ ಅವು ಬರುತ್ತವೆ ಎಂದು ಯಾರೂ ಹೇಳಿರಲಿಲ್ಲ.

ಗಾಳೆಮ್ಮ ತಲೆಯೆತ್ತಿ ನೋಡಿ, ಬಂದೆಯಲ್ಲ, ಮಣ್ಣು ಎಳಿ, ಮಾಸ್ತರು ಬರುವ ಹೊತ್ತಾಯಿತು ಎಂದಳು. ನಾನು ಎಳೆದೆ. ಕೆಲಸದ ನಡುವೆಯೇ ಅವಳು ಹೇಳಿದಳು. ಈ ನೆಲದಲ್ಲಿ ಸೊಂಟದಾಳ ತೋಡುವಷ್ಟರಲ್ಲಿ ಬಂಡೆ ಬರುತ್ತದೆ, ಅದಕ್ಕಿಂತ ಕೆಳಗೆ ಯಾರನ್ನೂ ಇಳಿಸಲು ಆಗುವುದಿಲ್ಲ. ಅವಳ ಗಂಡನ ಮುತ್ತಜ್ಜನ ಕಾಲದಲ್ಲಿ ಮೇಲಿಂದ ಮೇಲೆ ಹೀಗೆ ಆಗುತ್ತಿತ್ತು. ಯಾರಿಗೂ ತಿಳಿಯದ ಹಾಗೆ ಮುಚ್ಚಿ ಮುಚ್ಚಿ ಸಾಕಾಗಿ ಆ ಮುದುಕ ಒಂದು ದಿನ ಊರವರಿಗೆ ಹೇಳಿದನಂತೆ, ಹೋದವರು ಕನಸಿನಲ್ಲಿ ಬಂದು ಮನೆಯ ಕಲ್ಲು ಕೇಳುತ್ತಿದ್ದಾರೆ, ಮನೆಗೊಂದು ತಂದಿಡಿ, ಭಾರದ್ದೇ ತನ್ನಿ ಎಂದು. ಸುಣ್ಣ, ಪಟ್ಟೆ, ಎಲ್ಲ ಆಮೇಲೆ ಹೆಂಗಸರು ಸೇರಿಸಿದ್ದು.

"ಸಭೆಯಲ್ಲಿ ಹೇಳಬೇಕಿತ್ತು ಗಾಳೆಮ್ಮ," ಎಂದೆ.

"ಯಾರ ಮುಂದೆ ಹೇಳ್ಲಿ? ಅಲ್ಲಿ ಕುಂತಿದ್ದೋರ ಪೈಕಿ ಮೂರು ಮನೆಯೋರದು ಹಿಂದೆ ಆಗೈತೆ. ಒಳ್ಳೆ ಕಲ್ಲು ಇಡದೆ ಹೋದೋರು. ಅವ್ರಿಗೆ ಇವತ್ತಿಗೂ ಗೊತ್ತಿಲ್ಲ. ನಮ್ಮತ್ತೆ ಗುದ್ದಲಿ ಕೊಡೋವಾಗ ಹೇಳಿದ್ಲು, ಅಗೆಯೋದು ಅರ್ಧ ಕೆಲಸ, ಬಾಯಿ ಮುಚ್ಚೋದು ಅರ್ಧ ಕೆಲಸ ಅಂತ."

ಮಾಸ್ತರು ಕೈಯಲ್ಲಿ ಕಣಗಿಲೆ ಹೂ ಹಿಡಿದು ಬೇಲಿ ದಾಟಿ ಬಂದರು. ಗಾಳೆಮ್ಮ ಆಗಲೇ ಎದ್ದು, ಮಣ್ಣಿನ ಮೇಲೆ ಪೊರಕೆ ಆಡಿಸಿ, ನೀರು ಚಿಮುಕಿಸಿ ನಿಂತಿದ್ದಳು. ದಿನವೂ ಕೇಳುವ ಹಾಗೆ, ಎಲ್ಲ ಸರಿಯಾಗಿದೆಯಾ ಗಾಳೆಮ್ಮ ಎಂದು ಅವರು ಕೇಳಿದರು. ಅಮ್ಮಾವ್ರು ಚೆನ್ನಾಗವ್ರೆ ಮಾಸ್ತರೇ, ನೀವು ನಿಶ್ಚಿಂತೆಯಾಗಿ ಹೋಗಿ ಬನ್ನಿ ಎಂದಳು. ಕಣ್ಣು ಮಿಟುಕಿಸದೆ, ದನಿ ಒಂದಿಷ್ಟೂ ಏರದೆ ಇಳಿಯದೆ ಹೇಳಿದಳು. ಮಾಸ್ತರು ನನ್ನನ್ನು ನೋಡಿ, ನೋಡಯ್ಯ, ಕಲ್ಲಿಲ್ಲದಿದ್ದರೂ ಎಷ್ಟು ನೆಮ್ಮದಿಯಾಗಿ ಮಲಗಿದ್ದಾಳೆ ಎಂದರು. ನಾನು ತಲೆಯಾಡಿಸಿದೆ. ಅವರು ಹೂ ಇಟ್ಟು, ಕೈ ಮುಗಿದು, ಕೊಡೆ ಊರಿಕೊಂಡು ಹೋದರು.

ಅವರ ಬೆನ್ನು ಬೇಲಿಯಾಚೆ ಮರೆಯಾಗುವವರೆಗೂ ನನಗೆ ಅವ್ವನ ನೆನಪಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದದ್ದು ಹಾಗೆಯೇ. ಆಮೇಲೆ ತಟ್ಟನೆ ನೆನಪಾಗಿ ಓಡಿದೆ. ಮೂರು ಸಾಲು ಆಚೆ, ಮುಳ್ಳುಪೊದೆಯ ಪಕ್ಕ ಅವ್ವನ ಜಾಗ. ಮಣ್ಣು ನುಣ್ಣಗೆ, ಗುಡಿಸಿದ ಹಾಗೆ ಇತ್ತು. ನೀರು ಚಿಮುಕಿಸಿದ ಗುರುತಿತ್ತು. ಹಿಂದಿನಿಂದ ಗಾಳೆಮ್ಮ ಬಂದು ನಿಂತಳು. ನಾನು ಕೇಳದೆಯೇ ಅವಳಿಗೆ ಗೊತ್ತಾಯಿತು.

"ನಿಮ್ಮವ್ವ ಚೆನ್ನಾಗವ್ಳೆ," ಎಂದಳು. ಮಾಸ್ತರಿಗೆ ಹೇಳಿದ ಅದೇ ದನಿ.

ನಾನು ಅವಳ ಕಾಲು ಹಿಡಿದುಕೊಂಡೆ. ನಿಜ ಹೇಳು, ನಾನು ಈಗ ಎಲ್ಲ ಬಲ್ಲವನು, ನನ್ನಿಂದ ಮುಚ್ಚಿಡಬೇಡ ಎಂದು ಅತ್ತೆ. ಅವಳು ಹೋಗಿ ಗುದ್ದಲಿ ತಂದು ನನ್ನ ಮುಂದೆ ಇಟ್ಟಳು.

"ನಾನು ಹೇಳಿದ್ದು ಸಾಲದಿದ್ರೆ ನೀನೇ ತೆಗೆದು ನೋಡು. ಬೇಡ ಅನ್ನಾಕಿಲ್ಲ."

ಗುದ್ದಲಿಯ ಹಿಡಿಕೆ ಬೆವರಿನಿಂದ ಇನ್ನೂ ಒದ್ದೆಯಾಗಿತ್ತು. ಹಿಡಿದೆ, ಎತ್ತಿದೆ. ಇಳಿಸಲು ಧೈರ್ಯವಾಗಲಿಲ್ಲ. ಮೆಲ್ಲಗೆ ಪಕ್ಕಕ್ಕಿಟ್ಟೆ. ಅವಳು ಅದನ್ನು ತೆಗೆದುಕೊಂಡು ಹೋದಳು.

ಆ ನಿಯಮ ಏನಾಯಿತು ಎಂದು ಕೇಳುವವರಿದ್ದಾರೆ. ಅವತ್ತು ಮಧ್ಯಾಹ್ನವೇ ಅಧಿಕಾರಿಗಳ ಮುಂದೆ ನಿಂತು ಕಲ್ಲುಗಳನ್ನು ವಾಪಸು ಇಡಿಸಿ ಎಂದು ಬೇಡಿಕೊಂಡೆ. ಕಾರಣ ಕೇಳಿದರು. ಒಳಗಿನ ಕೋಣೆಯಲ್ಲಿ ಮಾಸ್ತರ ಅಳಿಯ ಕೂತು ಕಾಗದ ಬರೆಯುತ್ತಿದ್ದ, ಹೊರಗಿನ ಜಗಲಿಯಲ್ಲಿ ಇನ್ನಾರೋ. ಹೇಳಲಾಗುವುದಿಲ್ಲ ಸ್ವಾಮಿ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿ ರಜೆ ಬರೆದುಕೊಟ್ಟರು. ಮುಂದೆ ಒಬ್ಬೊಬ್ಬರಾಗಿ ಜನ ಕದ್ದು ಕಲ್ಲು ಇಟ್ಟರು, ಪುರಸಭೆಯವರು ತೆಗೆದರು, ಮತ್ತೆ ಇಟ್ಟರು. ಅಧಿಕಾರಿಗಳಿಗೆ ವರ್ಗವಾಗುವವರೆಗೆ ಅದು ನಡೆಯಿತು. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಇನ್ನೂ ಅಕ್ಕ ಬರುವುದಿತ್ತು.

ಬಿಸಿಲು ಏರುವ ಹೊತ್ತಿಗೆ ಬಂದಳು, ತಲೆಯ ಮೇಲೆ ಎಡೆಯ ಬುಟ್ಟಿ ಹೊತ್ತು. ನನ್ನ ಮುಖ ನೋಡದೆ ಬುಟ್ಟಿ ಇಳಿಸಿದಳು. ಬೋಳು ನೆಲವನ್ನು ನೋಡಿ ಅವಳ ಕಣ್ಣಲ್ಲಿ ನೀರು ತುಂಬಿತು. ಸುತ್ತ ಕಣ್ಣಾಡಿಸಿ, ಯಾವ ಗೀರೂ ಕೆದರಿದ ಗುರುತೂ ಇಲ್ಲದ್ದನ್ನು ಕಂಡು, ಕೊನೆಗೆ ನನ್ನ ಕಡೆ ತಿರುಗಿದಳು. ಹತ್ತು ದಿನಗಳ ಸಿಟ್ಟು ಆ ಮುಖದಲ್ಲಿ ಕರಗಲು ಹವಣಿಸುತ್ತಿತ್ತು. ಅದು ಕರಗುವುದೋ ಕಲ್ಲಾಗುವುದೋ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

"ಅವ್ವ ಚೆನ್ನಾಗವಳೇನೋ?"

"ಚೆನ್ನಾಗಿದಾಳೆ ಅಕ್ಕಾ," ಎಂದೆ. ನನ್ನ ದನಿ ಏರಲಿಲ್ಲ, ಇಳಿಯಲಿಲ್ಲ.

ಅಕ್ಕ ನಿಟ್ಟುಸಿರು ಬಿಟ್ಟು ನನ್ನ ಕೆನ್ನೆ ಸವರಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಎಡೆ ಬಡಿಸಿದಳು. ನನ್ನನ್ನೂ ಪಕ್ಕಕ್ಕೆ ಕರೆದು ಕೂರಿಸಿಕೊಂಡಳು. ತವರಿನ ಮಾತು, ಮಕ್ಕಳ ಮಾತು, ಅವ್ವ ಬದುಕಿದ್ದಾಗ ಮಾಡುತ್ತಿದ್ದ ಹುಳಿಯ ಮಾತು ಎಲ್ಲ ಆಡಿದಳು. ಹೊರಡುವ ಮುಂಚೆ, ಮಲಗಿದ ಮಗುವಿಗೆ ಹೊದಿಕೆ ಒತ್ತುವ ಹಾಗೆ, ಅವ್ವನ ಮೇಲಿನ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಒತ್ತಿದಳು. ನಾಲ್ಕು ತಿಂಗಳ ಹಿಂದೆ ಮುಚ್ಚಿದ ಮಣ್ಣು, ಒಂದು ಹನಿ ಮಳೆ ಕಾಣದ ಬೇಸಿಗೆ, ಗಟ್ಟಿಯಾಗಿರಬೇಕಿತ್ತು. ಅವಳ ಕೈ ಬಳೆಗಳವರೆಗೂ ಒಳಗೆ ಇಳಿದುಹೋಯಿತು.